ಐಎಸ್ಒ ಬೇಡ, ಅಳತೆ ಹೇಳಿ

ನವೆಂಬರ್ ಹತ್ತಿರ ಬಂತೆಂದರೆ ಕನ್ನಡಕ್ಕೊಂದು ಹೊಸ ಲಿನಕ್ಸ್ ಹುಟ್ಟುತ್ತೆ. ಸ್ಕ್ರೀನ್‌ಶಾಟ್‌ನಲ್ಲಿ ಹಂಪಿಯ ಕಲ್ಲಿನ ರಥ, ಮೂಲೆಯಲ್ಲಿ ಅರಿಶಿನ-ಕುಂಕುಮ ಬಣ್ಣದ ಲೋಗೊ, ಹೆಸರಿಗೆ ಒಬ್ಬ ರಾಜನೋ ಒಂದು ಪಕ್ಷಿಯೋ. ಕೆಳಗೆ ಯಾರದೋ ಡ್ರೈವ್ ಖಾತೆಯ ಲಿಂಕು, ಎರಡು ಜಿಬಿ ತೂಕದ ಒಂದು ಐಎಸ್ಒ. ಮಾಡಿದವರು ನಮ್ಮಂಥೋರೇ. ವಾರವೆಲ್ಲ ಆಫೀಸು, ಶನಿವಾರ ಭಾನುವಾರ ಕೂತು ಕಟ್ಟಿದ್ದು. ಅವರ ಶ್ರಮದ ಬಗ್ಗೆ ನನಗೆ ತಕರಾರಿಲ್ಲ. ತಕರಾರಿರೋದು ಅವರು ಕೊಡದೆ ಉಳಿಸಿಕೊಂಡಿದ್ದರ ಬಗ್ಗೆ. ಯಾವುದರ ಮೇಲೆ ಕಟ್ಟಿದ್ರಿ, ಏನೇನು ಸೇರಿಸಿದ್ರಿ, ಎಲ್ಲಿ ಸೇರಿಸಿದ್ರಿ ಅಂತ ಕೇಳಿದರೆ "ಸ್ವಲ್ಪ ಕಸ್ಟಮೈಸ್ ಮಾಡಿದೀನಿ ಅಷ್ಟೇ" ಅಂತಾರೆ. ಸಾರಿನ ಪುಡಿ ಕೊಟ್ಟು ಅಳತೆ ಹೇಳದೇ ಹೋಗೋ ನೆಂಟರ ಥರ.

ಇದೇನು ಬ್ರಹ್ಮವಿದ್ಯೆಯಾ ಅಂದರೆ, ಅಲ್ಲ. 2000ದಲ್ಲೇ ಕ್ಲೌಸ್ ಕ್ನಾಪರ್ ತಮ್ಮ ನಾಪಿಕ್ಸ್ ಸಿಡಿಯಲ್ಲಿ ಇನ್‌ಸ್ಟಾಲ್ ಮಾಡದೇ ಓಡುವ ಲಿನಕ್ಸ್ ತೋರಿಸಿದ್ರು. ಅಲ್ಲಿಂದ ಈಚೆಗೆ ಎಷ್ಟೋ ಜನ ಲೈವ್ ಸಿಡಿಗಳನ್ನ ಬಿಚ್ಚಿ ಕಟ್ಟಿದ್ದಾರೆ. ಐಎಸ್ಒ ಅನ್ನೋದು ಓದೋಕೆ ಮಾತ್ರ ಇರೋ ಡಬ್ಬಿ, ನೇರವಾಗಿ ಒಳಗೆ ಕಡತ ಎಳೆದು ಹಾಕೋಕಾಗಲ್ಲ. ಒಳಗಿರೋದನ್ನೆಲ್ಲ ಹೊರಗೆ ನಕಲು ಮಾಡ್ಕೊಂಡು, ಬೇಕಾದ್ದು ಸೇರಿಸಿ, ಕ್ಸೋರಿಸೋ ಥರದ ಸಲಕರಣೆಯಿಂದ ಮತ್ತೆ ಕಟ್ಟಬೇಕು. ಆ ಡಬ್ಬಿಯೊಳಗೆ ಇನ್ನೊಂದು ಡಬ್ಬಿ ಇದೆ, ಸ್ಕ್ವಾಶ್‌ಎಫ್‌ಎಸ್ ಅಂತ, ಅಮುಕಿ ಕಟ್ಟಿದ ಗಂಟು. ಡೆಬಿಯನ್‌ನಲ್ಲಿ ಅದು 'ಲೈವ್' ಫೋಲ್ಡರ್‌ನಲ್ಲಿರುತ್ತೆ, ಉಬುಂಟುವಿನಲ್ಲಿ 'ಕ್ಯಾಸ್ಪರ್'ನಲ್ಲಿ. ನೀವು ಪರದೆ ಮೇಲೆ ನೋಡೋ ಇಡೀ ವ್ಯವಸ್ಥೆ ಅದರೊಳಗಿಂದ ಬರೋದು.

ಯಾವ ಕಡತ ಯಾವ ಡಬ್ಬಿಗೆ ಅನ್ನೋದರಲ್ಲೇ ಅರ್ಧ ಕೆಲಸ ಇದೆ. ಶಾಲೆಗೆ ಪಠ್ಯಪುಸ್ತಕದ ಪಿಡಿಎಫ್‌ಗಳು, ಕಿವಿಕ್ಸ್‌ನಲ್ಲಿ ಓದೋ ಆಫ್‌ಲೈನ್ ವಿಕಿಪೀಡಿಯ ಕಡತ, ಇವಕ್ಕೆ ಒಳಡಬ್ಬಿ ಮುಟ್ಟೋದೇ ಬೇಡ. ಹೊರಗಿನ ಡಬ್ಬಿಯಲ್ಲಿ ಒಂದು ಫೋಲ್ಡರ್ ಮಾಡಿ ಇಟ್ಟರೆ ಸಾಕು. ಫಾಂಟು, ಕೀಲಿಮಣೆ ಇವೆಲ್ಲ ಒಳಗೆ ಹೋಗಬೇಕು. ಹೊಸ ಬಳಕೆದಾರರ ಮನೆ ಫೋಲ್ಡರ್‌ಗೆ ತಾನಾಗಿ ಬರಬೇಕಾದ ಸೆಟ್ಟಿಂಗ್‌ಗಳು 'ಇಟಿಸಿ'ಯೊಳಗಿನ 'ಸ್ಕೆಲ್' ಫೋಲ್ಡರ್‌ಗೆ. ಇದನ್ನ ತಿಳ್ಕೊಳ್ಳದೆ, ಲೈವ್ ಆಗಿ ಬೂಟ್ ಮಾಡಿ, ಡೆಸ್ಕ್‌ಟಾಪ್ ಮೇಲೆ ಕಡತ ಇಟ್ಟು, "ಸೇರಿಸಿದೆ" ಅಂತ ಸಂಭ್ರಮಪಡೋರೂ ಇದ್ದಾರೆ. ಅದು ರ‍್ಯಾಮ್‌ನಲ್ಲಿ ಕೂತಿರುತ್ತೆ ಸ್ವಾಮಿ, ಕರೆಂಟ್ ಹೋದ್ರೆ ಅದೂ ಹೋಯ್ತು.

ಈಗ ಕನ್ನಡದ ವಿಷಯಕ್ಕೇ ಬರೋಣ. ಗುಬ್ಬಿ, ನವಿಲು, ಲೋಹಿತ್ ಫಾಂಟುಗಳು ಡೆಬಿಯನ್ ಭಂಡಾರದಲ್ಲಿ ಪ್ಯಾಕೇಜುಗಳಾಗಿ ಇವೆ. ಐಬಸ್-ಎಂ17ಎನ್ ಹಾಕಿದರೆ ಕೆಜಿಪಿ ವಿನ್ಯಾಸದಲ್ಲೂ ಟೈಪ್ ಮಾಡಬಹುದು, ಇನ್‌ಸ್ಕ್ರಿಪ್ಟ್‌ನಲ್ಲೂ ಮಾಡಬಹುದು. ಅಂದರೆ ನಿಮ್ಮ "ಕನ್ನಡದ ಆಪರೇಟಿಂಗ್ ಸಿಸ್ಟಂ"ನಲ್ಲಿ ಕನ್ನಡ ಅನ್ನಿಸಿಕೊಳ್ಳೋದು ಐದಾರು ಪ್ಯಾಕೇಜುಗಳ ಹೆಸರು. ಒಂದು ಚೀಟಿಯಲ್ಲಿ ಬರೆಯಬಹುದಾದ್ದನ್ನ ಎರಡು ಜಿಬಿ ಗಂಟಿನೊಳಗೆ ಬಚ್ಚಿಟ್ಟು, ಅದಕ್ಕೊಂದು ರಾಜನ ಹೆಸರಿಡೋದು ಯಾಕೆ?

ಇನ್ನೂ ಅಪಾಯದ ಜಾತಿ ಒಂದಿದೆ. ತಮ್ಮ ಸ್ವಂತ ಲ್ಯಾಪ್‌ಟಾಪನ್ನೇ ಇಡಿಯಾಗಿ ಐಎಸ್ಒ ಮಾಡಿ ಹಂಚೋರು. ಬಿಚ್ಚಿ ನೋಡೋಕೆ ಒಂದು ಕಮಾಂಡ್ ಸಾಕು. ಎಚ್ಚರ ತಪ್ಪಿದ್ದರೆ ಒಳಗೆ ಮನೆಯ ವೈಫೈ ಪಾಸ್‌ವರ್ಡು, ಬ್ರೌಸರ್ ಇತಿಹಾಸ, ಆಫೀಸ್ ಸರ್ವರ್‌ಗೆ ಹೋಗೋ ಎಸ್‌ಎಸ್‌ಎಚ್ ಕೀಲಿ, ಎಲ್ಲಾ ಸಾಲಾಗಿ ಸಿಗುತ್ತೆ. ಆ ಯಂತ್ರದ ಸ್ವಂತ ಎಸ್‌ಎಸ್‌ಎಚ್ ಕೀಲಿಯನ್ನೂ ಅಳಿಸದೇ ಬಿಟ್ಟಿದ್ದರೆ, ಅದನ್ನ ಇನ್‌ಸ್ಟಾಲ್ ಮಾಡಿದ ಅಷ್ಟೂ ಕಂಪ್ಯೂಟರ್‌ಗಳಿಗೆ ಒಂದೇ ಗುರುತು. ಒಂದೇ ಬೀಗದಕೈಯಲ್ಲಿ ಊರಿನ ಎಲ್ಲಾ ಮನೆ ತೆಗೆಯೋ ಹಾಗೆ.

ಸೇರಿಸೋದು ಇಷ್ಟು ಸುಲಭ ಅಂದಮೇಲೆ ಕೆಟ್ಟದ್ದನ್ನ ಸೇರಿಸೋದೂ ಅಷ್ಟೇ ಸುಲಭ. 2016ರ ಫೆಬ್ರವರಿ 20ರಂದು ಲಿನಕ್ಸ್ ಮಿಂಟ್ ಜಾಲತಾಣಕ್ಕೆ ನುಗ್ಗಿದವರು ಮಾಡಿದ್ದು ಇದನ್ನೇ. ಮಿಂಟ್ 17.3ರ ಸಿನಮನ್ ಐಎಸ್ಒಗೆ ಹಿಂಬಾಗಿಲು ತೆರೆಯೋ ತಂತ್ರಾಂಶ ಸೇರಿಸಿ ಕಟ್ಟಿ, ಡೌನ್‌ಲೋಡ್ ಕೊಂಡಿಯನ್ನ ಆ ಐಎಸ್ಒ ಕಡೆಗೆ ತಿರುಗಿಸಿಬಿಟ್ರು. ಹೊರಗಿಂದ ನೋಡಿದರೆ ಅದೇ ಮಿಂಟ್, ಅದೇ ಹಸಿರು. ವರ್ಷಗಳಿಂದ ನಡೆಯುತ್ತಿದ್ದ, ಲಕ್ಷಾಂತರ ಜನ ನಂಬಿದ ಯೋಜನೆಗೇ ಹೀಗಾಯ್ತು. ಅಂಥದ್ದರಲ್ಲಿ ಹೆಸರೇ ಗೊತ್ತಿಲ್ಲದ ಖಾತೆಯ ಐಎಸ್ಒ ಇಳಿಸಿಕೊಂಡು, ಪೆನ್‌ಡ್ರೈವ್‌ಗೆ ಬರೆದು, ಅದರಲ್ಲೇ ಬ್ಯಾಂಕ್ ಪಾಸ್‌ವರ್ಡ್ ಟೈಪ್ ಮಾಡಿ ಅಂತ ಅಪ್ಪ-ಅಮ್ಮನಿಗೆ ಕೊಡ್ತೀವಲ್ಲ! ಡೆಬಿಯನ್‌ನವರು ಚೆಕ್‌ಸಮ್ ಕಡತಕ್ಕೆ ಜಿಪಿಜಿ ಸಹಿ ಹಾಕಿ ಕೊಡ್ತಾರೆ. ನೀವು ಒಂದೇ ಒಂದು ಫಾಂಟ್ ಸೇರಿಸಿದರೂ ನಿಮ್ಮ ಐಎಸ್ಒಗೆ ಆ ಚೆಕ್‌ಸಮ್ ತಾಳೆಯಾಗಲ್ಲ. ಆಮೇಲೆ ಉಳಿಯೋದು ನಿಮ್ಮ ಮುಖ ನೋಡಿ ನಂಬೋದಷ್ಟೇ.

ಅದಕ್ಕೇ ಅಳತೆ ಕೇಳ್ತಿರೋದು. ಡೆಬಿಯನ್‌ನ ಲೈವ್-ಬಿಲ್ಡ್ ಇರೋದು ಇಂಥದಕ್ಕೇ. ಒಂದು ಫೋಲ್ಡರ್‌ನಲ್ಲಿ ಬೇಕಾದ ಪ್ಯಾಕೇಜುಗಳ ಪಟ್ಟಿ, ಇನ್ನೊಂದರಲ್ಲಿ ಒಳಡಬ್ಬಿಗೆ ಹೋಗಬೇಕಾದ ಕಡತಗಳು, ಮತ್ತೊಂದರಲ್ಲಿ ಹೊರಗಿಡಬೇಕಾದವು. ಆಮೇಲೆ ಕಮಾಂಡ್ ಕೊಟ್ಟು ಕಾಫಿಗೆ ಹೋಗಿ. ಅದು ಡೆಬಿಯನ್ ಭಂಡಾರದಿಂದಲೇ ಎಲ್ಲವನ್ನೂ ಎಳೆದು ಐಎಸ್ಒ ಕಟ್ಟಿಕೊಡುತ್ತೆ. ಪುಸ್ತಕಗಳನ್ನ ಬಿಟ್ಟರೆ ಈ ಫೋಲ್ಡರ್‌ಗಳ ತೂಕ ಕೆಲವು ಕೆಬಿ, ವಾಟ್ಸಪ್‌ನಲ್ಲೇ ಕಳಿಸಬಹುದು. ಅನುಮಾನ ಇದ್ದೋರು ಓದಿ ನೋಡಲಿ. ಗೊತ್ತಿರೋರು ತಮ್ಮ ಜಿಲ್ಲೆಗೆ ತಕ್ಕಂತೆ ತಿದ್ದಿಕೊಳ್ಳಲಿ.

"ಶಾಲೆಯ ಮೇಷ್ಟ್ರಿಗೆ ಇದೆಲ್ಲ ಬರುತ್ತೇನ್ರೀ? ಅವರಿಗೆ ರೆಡಿ ಐಎಸ್ಒ ಬೇಕು" ಅನ್ನೋ ಮಾತು ಬಂದೇ ಬರುತ್ತೆ. ನಿಜ, ಅವರಿಗೆ ಐಎಸ್ಒನೇ ಕೊಡಿ. ಆದ್ರೆ ಡೆಬಿಯನ್ ಸುಮಾರು ಎರಡು ವರ್ಷಕ್ಕೊಮ್ಮೆ ಹೊಸ ಆವೃತ್ತಿ ತರುತ್ತೆ, ಭದ್ರತಾ ತಿದ್ದುಪಡಿಗಳಂತೂ ಬರ್ತಾನೇ ಇರ್ತವೆ. ನೆಟ್ ಇಲ್ಲದ ಲ್ಯಾಬ್‌ಗೆ ಅದ್ಯಾವುದೂ ತಾನಾಗಿ ತಲುಪಲ್ಲ, ಯಾರಾದರೂ ಹೊಸ ಐಎಸ್ಒ ಕಟ್ಟಿ ಒಯ್ಯಬೇಕು. ಅಷ್ಟೊತ್ತಿಗೆ ನೀವು ಕಂಪನಿ ಬದಲಾಯಿಸಿರ್ತೀರಿ, ಇಲ್ಲಾ ದೇಶ ಬದಲಾಯಿಸಿರ್ತೀರಿ. ನಮ್ಮ ಆರಂಭಶೂರತ್ವ ನಮಗೆ ಗೊತ್ತಿಲ್ಲದ್ದೇನಲ್ಲ. ಮೇಷ್ಟ್ರ ಕೈಯಲ್ಲಿ ಅಳತೆಯ ಚೀಟಿಯೂ ಇದ್ದರೆ, ಅದೇ ತಾಲ್ಲೂಕಿನ ಡಿಪ್ಲೊಮಾ ಹುಡುಗಿಯೊಬ್ಬಳು ಒಂದು ಸಂಜೆ ಕೂತು ಹೊಸದು ಕಟ್ಟಿಕೊಟ್ಟಾಳು. ಚೀಟಿ ಇಲ್ಲದಿದ್ರೆ ಅವಳೂ ಇನ್ನೊಂದು ವಾಲ್‌ಪೇಪರ್ ಹುಡುಕ್ಕೊಂಡು ಮೊದಲಿಂದ ಶುರು ಮಾಡ್ತಾಳೆ.

ಕಾನೂನಿನ ಮಾತೂ ಒಂದಿದೆ, ಚಿಕ್ಕದು. ಲಿನಕ್ಸ್ ಕರ್ನಲ್ ಇರೋದು ಜಿಪಿಎಲ್ ಪರವಾನಗಿಯಲ್ಲಿ, ಐಎಸ್ಒ ಹಂಚುವವರು ಮೂಲ ಸಂಕೇತವೂ ಸಿಗುವಂತೆ ನೋಡಿಕೊಳ್ಳಬೇಕು. ಉಬುಂಟುವನ್ನ ತಿದ್ದಿ ಹಂಚುವುದಾದರೆ ಕ್ಯಾನೊನಿಕಲ್‌ನ ಒಪ್ಪಿಗೆ ಬೇಕು, ಇಲ್ಲವೇ ಆ ಹೆಸರು, ಲೋಗೊ ತೆಗೆದಿರಬೇಕು. ಈ ನವೆಂಬರ್‌ನಲ್ಲಿ ಬಿಡುಗಡೆ ಇಟ್ಟುಕೊಂಡಿರೋರು ಬ್ಯಾನರ್ ಪ್ರಿಂಟ್‌ಗೆ ಕೊಡೋ ಮುಂಚೆ ಇದನ್ನೊಂದು ಸಲ ಓದಿಕೊಳ್ಳಿ. ಪ್ಯಾಕೇಜ್ ಪಟ್ಟಿ ಇರೋ ಫೋಲ್ಡರನ್ನ ಮಾತ್ರ ಐಎಸ್ಒ ಪಕ್ಕದಲ್ಲೇ ಇಡಿ.