ಡಬ್ಬಿಯ ಪುಡಿಯೋ, ಮನೆಯ ಬೇಳೆಯೋ?

“ಅಮ್ಮಾ, ಜಿಮ್ಮಿನಲ್ಲಿ ಬೇಗ ಸುಸ್ತಾಗ್ತಿದೆ, ಅಮೈನೋ ಪುಡಿ ತರಬೇಕು, ದುಡ್ಡು ಕೊಡು” ಅಂತ ಮಗನೋ ಮಗಳೋ ನಿಮ್ಮನ್ನು ಪೀಡಿಸುತ್ತಿರಬಹುದು. ಡಬ್ಬಿಯ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಕೊಟ್ಟರೆ ಹಾಲಿನ ಲೆಕ್ಕ ಬಾಕಿ. ಕೊಡದಿದ್ದರೆ ಮಕ್ಕಳ ಮೈಗೆ ಏನು ಕೊರತೆಯಾದೀತೋ ಎಂಬ ಅಳುಕು. ಬೈಯುವುದಕ್ಕೂ ಕೊಡುವುದಕ್ಕೂ ಮುಂಚೆ ಆ ಡಬ್ಬಿಯಲ್ಲಿ ಏನಿದೆ ಅಂತ ನೋಡೋಣ.

ನಾವು ತಿಂದ ಪ್ರೋಟೀನು ಹೊಟ್ಟೆಯಲ್ಲಿ ಅಮೈನೋ ಆಮ್ಲಗಳಾಗಿ ಒಡೆಯುತ್ತದೆ. ನಮ್ಮ ಮೈ ಕಟ್ಟಲು 20 ಬಗೆಯವು ಬೇಕು. ಅವುಗಳಲ್ಲಿ 9ನ್ನು ದೇಹ ತಾನೇ ಮಾಡಿಕೊಳ್ಳಲಾರದು, ಊಟದಿಂದಲೇ ಬರಬೇಕು. ‘ಬಿಸಿಎಎ’ ಎಂಬ ಪುಡಿಯಲ್ಲಿರುವುದು ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಎಂಬ ಮೂರು ಮಾತ್ರ. ಉಳಿದ ಆರಕ್ಕೆ ಮತ್ತೆ ಅಡಿಗೆಮನೆಗೇ ಬರಬೇಕು!

ಇದು ದಣಿವು ತಡೆಯುತ್ತದೆ ಎನ್ನುವವರ ವಾದ ಹೀಗೆ: ಬಹಳ ಹೊತ್ತು ಶ್ರಮಪಟ್ಟಾಗ ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲ ಮೆದುಳಿಗೆ ಹೆಚ್ಚಾಗಿ ಸೇರಿ ಆಯಾಸ ತರುತ್ತದೆ, ಈ ಮೂರು ಅದಕ್ಕೆ ಅಡ್ಡ ನಿಲ್ಲುತ್ತವೆ. ಕೇಳೋದಕ್ಕೆ ಚೆನ್ನಾಗಿದೆ. ಆದರೆ ಪರೀಕ್ಷಿಸಿ ನೋಡಿದಾಗ ಓಡುವ ಶಕ್ತಿ ಹೆಚ್ಚಿತೆಂದು ಖಚಿತವಾಗಿ ಕಂಡುಬಂದಿಲ್ಲ. ಬೀಟಾ-ಅಲನಿನ್ ಎಂಬುದನ್ನು ವಾರಗಟ್ಟಲೆ ತೆಗೆದುಕೊಂಡರೆ ಒಂದರಿಂದ ನಾಲ್ಕು ನಿಮಿಷದ ಬಿರುಸಿನ ಶ್ರಮಕ್ಕೆ ಅಲ್ಪಸ್ವಲ್ಪ ನೆರವಾಗುವುದುಂಟು. ಅದರಿಂದ ಕೆಲವರಿಗೆ ಚರ್ಮ ಜುಮುಜುಮು ಎನ್ನುತ್ತದೆ.

ಬಹಳ ಹೊತ್ತಿನ ಶ್ರಮಕ್ಕೆ ನಿಜವಾದ ಸೌದೆ ಅನ್ನ, ರಾಗಿ, ಗೋಧಿ, ಬಾಳೆಹಣ್ಣು. ಇವುಗಳ ಸಕ್ಕರೆಯಂಶ ಸ್ನಾಯುಗಳಲ್ಲಿ ಗ್ಲೈಕೋಜನ್ ಆಗಿ ಕೂಡಿರುತ್ತದೆ. ಬರೀ ಹೊಟ್ಟೆ, ಕಡಿಮೆ ನೀರು, ಅರೆನಿದ್ದೆ ಇದ್ದರೆ ಯಾವ ಪುಡಿಯೂ ಕೈಹಿಡಿಯದು.

ಇನ್ನು ಪ್ರೋಟೀನಿನ ಲೆಕ್ಕ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ದೇಹದ ತೂಕದ ಕಿಲೋ ಒಂದಕ್ಕೆ ದಿನಕ್ಕೆ 0.83 ಗ್ರಾಂ, ಅಂದರೆ 60 ಕಿಲೋ ತೂಕದವರಿಗೆ ಸುಮಾರು 50 ಗ್ರಾಂ. ಕಠಿಣ ವ್ಯಾಯಾಮ ಮಾಡುವವರಿಗೆ ಇನ್ನಷ್ಟು ಬೇಕು. 100 ಗ್ರಾಂ ತೊಗರಿಬೇಳೆಯಲ್ಲಿ 20 ಗ್ರಾಂಗೂ ಹೆಚ್ಚು, ಒಂದು ಮೊಟ್ಟೆಯಲ್ಲಿ ಸುಮಾರು 6, ಒಂದು ಲೋಟ ಹಾಲಿನಲ್ಲೂ ಅಷ್ಟೇ ಸಿಗುತ್ತದೆ. ಅಕ್ಕಿಯಲ್ಲಿ ಲೈಸಿನ್ ಕಡಿಮೆ, ಬೇಳೆಯಲ್ಲಿ ಧಾರಾಳ. ಬೇಳೆಯಲ್ಲಿ ಕಡಿಮೆಯಿರುವ ಮೆಥಿಯೊನಿನ್ ಅಕ್ಕಿಯಲ್ಲಿದೆ. ಹುಳಿ-ಅನ್ನ, ಇಡ್ಲಿ, ಬಿಸಿಬೇಳೆಭಾತು ಸುಮ್ಮನೆ ಹುಟ್ಟಿದವಲ್ಲ ನೋಡಿ!

ಜಿಮ್ಮಿನಿಂದ ಬಂದವರಿಗೆ ಈ ಉಂಡೆ ಕೊಡಿ: ಒಂದು ಬಟ್ಟಲು ಹುರಿಗಡಲೆ, ಅರ್ಧ ಬಟ್ಟಲು ಹುರಿದು ಸಿಪ್ಪೆ ತೆಗೆದ ಕಡಲೆಕಾಯಿ ಬೀಜ ಪುಡಿ ಮಾಡಿ. ಮುಕ್ಕಾಲು ಬಟ್ಟಲು ಬೆಲ್ಲದ ಪುಡಿ, ಚಿಟಿಕೆ ಏಲಕ್ಕಿ ಸೇರಿಸಿ, ಬಿಸಿ ತುಪ್ಪ ಹಾಕಿ ಕಟ್ಟಿದರಾಯಿತು. ಜೊತೆಗೊಂದು ಲೋಟ ಹಾಲು.

ಅಷ್ಟಾಗಿಯೂ ಡಬ್ಬಿ ಬೇಕೇ ಬೇಕೆಂದರೆ, ಅದರ ಮೇಲೆ ಎಫ್‌ಎಸ್‌ಎಸ್‌ಎಐ ಗುರುತೂ 14 ಅಂಕಿಯ ಪರವಾನಗಿ ಸಂಖ್ಯೆಯೂ ಇದೆಯೇ ನೋಡಿ. ಮೂತ್ರಪಿಂಡದ ತೊಂದರೆಯಿದ್ದವರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು.

ಕೊನೆಯ ಮಾತು ನಿಮಗಾಗಿ, ಸೋದರಿಯರೇ. ಗಟ್ಟಿ ಬೇಳೆಯೆಲ್ಲ ಮಕ್ಕಳ ತಟ್ಟೆಗೆ ಬಡಿಸಿ, ತಳದ ತಿಳಿಯಲ್ಲಿ ನೀವು ಉಣ್ಣುತ್ತೀರಲ್ಲ, ಅದನ್ನು ಇಂದೇ ಬಿಡಿ. ಬಿಂದಿಗೆ ಹೊತ್ತು, ಬಟ್ಟೆ ಒಗೆದು ದಣಿಯುವ ಮೈಗೂ ಆ ಒಂಬತ್ತು ಬೇಕು. ಡಬ್ಬಿಗೆಂದು ಎತ್ತಿಟ್ಟ ಹಣದಲ್ಲಿ ಬೇಳೆ ಒಂದು ಹಿಡಿ ಹೆಚ್ಚಿಗೆ ಹಾಕಿ, ಎಲ್ಲರೂ ಒಟ್ಟಿಗೆ ಕೂತು ಉಣ್ಣಿ.