ಜುಲೈ ತಿಂಗಳ ಹುಡುಗರು

ನನ್ನ ಅಕ್ಕನ ಮಗ ಅಮೆರಿಕದ ಟ್ಯಾಂಪಾದಲ್ಲಿದ್ದಾನೆ. ಇಲ್ಲಿದ್ದಾಗ ಕ್ರಿಕೆಟ್ ಬಿಟ್ಟು ಬೇರೆ ಆಟದ ಹೆಸರೆತ್ತಿದವನಲ್ಲ. ಅಲ್ಲಿಗೆ ಹೋದಮೇಲೆ ಐಸ್ ಹಾಕಿಯ ಹುಚ್ಚು ಹಿಡಿಸಿಕೊಂಡಿದ್ದಾನೆ. ಫ್ಲಾರಿಡಾದ ಬೇಸಿಗೆ ನಮ್ಮ ಮಂಗಳೂರಿನ ಏಪ್ರಿಲ್ ಇದ್ದಹಾಗೆ, ನಿಂತಲ್ಲೇ ಬೆವರು. ಆ ಸೆಕೆಯಲ್ಲಿ ಸ್ವೆಟರ್ ಹಿಡಿದುಕೊಂಡು ಹೋಗಿ ಮಂಜಿನ ಅಂಗಳದ ಪಕ್ಕ ಕೂರುತ್ತಾನೆ. ಪ್ರತಿ ಜುಲೈ ಬಂತೆಂದರೆ ಅವನ ಫೋನೂ ಬಂತು. "ಮಾಮ, ಈ ಸಲ ಒಬ್ಬ ಹುಡುಗ ಬಂದಿದ್ದಾನೆ, ಏನು ಕಾಲು ಅಂತೀರಿ! ನಾಲ್ಕು ವರ್ಷದಲ್ಲಿ ಇವನೇ ತಂಡದ ನಾಯಕ, ಬರೆದಿಟ್ಟುಕೊಳ್ಳಿ."

ನಾನು ಬರೆದಿಟ್ಟುಕೊಳ್ಳುವ ಜಾತಿಯವನು, ನಿಜಕ್ಕೂ ಬರೆದಿಟ್ಟುಕೊಂಡಿದ್ದೇನೆ. ಹಳೆಯ ಜುಲೈಗಳ ಹುಡುಗರು ಏನಾದರು ಎಂದು ಕೇಳಿದರೆ "ಅವನಾ... ಅವನು..." ಎಂದು ಎಳೆದು, ಅಮ್ಮನ ಮಂಡಿನೋವು ಹೇಗಿದೆ ಎಂದು ಮಾತು ತಿರುಗಿಸುತ್ತಾನೆ.

ಹಾಕಿ ಎಂದರೆ ನಮಗೆ ಕೊಡಗು, ಹುಲ್ಲಿನ ಮೈದಾನ. ಅವರದು ಮಂಜಿನ ಮೇಲೆ ಸ್ಕೇಟ್ ಕಟ್ಟಿ ಆಡುವ ಬೇರೆಯದೇ ಆಟ, ಚೆಂಡಿನ ಬದಲು ಪಕ್ ಎಂಬ ರಬ್ಬರ್ ಬಿಲ್ಲೆ. ಅಮೆರಿಕ, ಕೆನಡಾಗಳ ಎನ್‌ಎಚ್‌ಎಲ್ ಲೀಗಿನಲ್ಲಿ ಈಗ 32 ತಂಡಗಳಿವೆ. ಐಪಿಎಲ್‌ನಂತೆ ಹರಾಜಿಲ್ಲ, ಡ್ರಾಫ್ಟ್ ಇದೆ. ಜೂನ್ ಕೊನೆಗೆ ತಂಡಗಳು ಸರದಿಯಂತೆ ಹುಡುಗರ ಹೆಸರು ಕೂಗುತ್ತವೆ, ಸೋತ ತಂಡಗಳಿಗೆ ಮೊದಲ ಸರದಿ. ಏಳು ಸುತ್ತು, 224 ಹೆಸರು. ಬಹುಪಾಲು ಹದಿನೆಂಟರ ಹುಡುಗರು. ಹೆಸರು ಕೂಗಿದ ಕೆಲವೇ ದಿನಕ್ಕೆ ತಂಡಗಳು ಅವರನ್ನು ಕರೆಸಿ ನಾಲ್ಕೈದು ದಿನದ ಶಿಬಿರ ನಡೆಸುತ್ತವೆ. ಡೆವಲಪ್‌ಮೆಂಟ್ ಕ್ಯಾಂಪ್ ಎಂದೇ ಅದರ ಹೆಸರು, ಬೆಳೆಸುವ ಶಿಬಿರ. ಸ್ಕೇಟಿನ ಅಲಗಿನ ಮೇಲೆ ತಿರುಗುವ ಪಾಠ, ಜಿಮ್ಮಿನ ಪರೀಕ್ಷೆ, ಆಟದ ವಿಡಿಯೊ ನೋಡಿಸಿ ವಿವರಣೆ, ಕೆಲವು ಕಡೆ ಅಡುಗೆ ಪಾಠ ಕೂಡ. ಮನೆ ಬಿಟ್ಟು ಬದುಕಬೇಕಾದ ಹುಡುಗರಿಗೆ ಮೊಟ್ಟೆ ಬೇಯಿಸಲೂ ಬರದಿದ್ದರೆ ಹೇಗೆ? ಕೊನೆಯ ದಿನ ಎರಡು ಗುಂಪು ಮಾಡಿ ಒಂದು ಆಟ. ಆ ಹೊತ್ತಿಗೆ ಗ್ಯಾಲರಿಯಲ್ಲಿ ಅಭಿಮಾನಿಗಳು ಪೆನ್ನು ಹಿಡಿದು ಕೂತಿರುತ್ತಾರೆ. ಬೆಳೆಸುವ ಶಿಬಿರ ಅಳೆಯುವ ಸಂತೆಯಾಗುವುದು ಅಲ್ಲಿಂದ.

ಆ ಕೊನೆಯ ಆಟವನ್ನೇ ನೋಡಿ. ಮಾಮೂಲಿ ಪಂದ್ಯದಲ್ಲಿ ಗೋಲು ಕಾಯುವ ಗೋಲಿಯನ್ನು ಬಿಟ್ಟು ಐದೈದು ಜನ. ಶಿಬಿರದಲ್ಲಿ ಅನೇಕ ಸಲ ಮೂರು ಮೂರು. ಅಂಗಳ ಅಷ್ಟೇ, ಜನ ಕಡಿಮೆ, ಮೈಗೆ ಮೈ ಗುದ್ದಿ ತಡೆಯುವವರಿಲ್ಲ. ಕೈಚಳಕದವನು ಅಲ್ಲಿ ರಾಜ. ಗೋಡೆಯ ಪಕ್ಕ ನಿಂತು ಎದುರಾಳಿಯ ದಾರಿ ಮುಚ್ಚುವವನು, ತಾನು ಮುಟ್ಟದೆಯೇ ಪಕ್ಕನ್ನು ಸರಿಯಾದ ಕಡೆ ಹೋಗುವಂತೆ ಮಾಡುವವನು ಕಣ್ಣಿಗೇ ಬೀಳುವುದಿಲ್ಲ. ಜೊತೆಗೆ ವಯಸ್ಸಿನ ಕಲಬೆರಕೆ. ಹದಿನೆಂಟಕ್ಕೆ ಆಯ್ಕೆಯಾಗಿ ಇನ್ನೂ ಮೀಸೆ ಚಿಗುರುತ್ತಿರುವವನ ಪಕ್ಕದಲ್ಲಿ, ಯಾರೂ ಆರಿಸದೆ ಕಾಲೇಜಿನಲ್ಲಿ ಆಡಿಕೊಂಡಿದ್ದು ಈಗ ಆಹ್ವಾನದ ಮೇಲೆ ಬಂದ ಇಪ್ಪತ್ತೆರಡರ ಗಟ್ಟಿ ಆಸಾಮಿ ಇರುತ್ತಾನೆ. ಅವನಿಗೆ ಒಂದು ಒಪ್ಪಂದ ಬೇಕು, ಪ್ರಾಣ ಒತ್ತೆಯಿಟ್ಟು ಆಡುತ್ತಾನೆ. ಮೊದಲ ಸುತ್ತಿನಲ್ಲೇ ಹೆಸರು ಕೂಗಿಸಿಕೊಂಡವನಿಗೆ ಆ ಚಿಂತೆಯಿಲ್ಲ. ಸೋದರಳಿಯ ಕೊಂಡಾಡಿದ ಹುಡುಗರಲ್ಲಿ ಅರ್ಧಕ್ಕರ್ಧ ಜನ ಈ ಇಪ್ಪತ್ತೆರಡರವರೇ ಇದ್ದಿರಬೇಕೆಂದು ನನ್ನ ಗುಮಾನಿ.

ಹಾಗಾದರೆ ಹುಡುಗರನ್ನು ಹೇಗೆ ಅಳೆಯಬೇಕು ಎಂಬುದಕ್ಕೆ ಅವನ ಊರಿನ ತಂಡದ ಕಥೆಯೇ ಉತ್ತರ ಹೇಳುತ್ತದೆ. 2014ರ ಡ್ರಾಫ್ಟ್‌ನಲ್ಲಿ ಬ್ರೇಡನ್ ಪಾಯಿಂಟ್ ಎಂಬ ಕ್ಯಾಲ್ಗರಿಯ ಹುಡುಗನಿದ್ದ. ಆಟದ ಬುದ್ಧಿ ಚೆನ್ನಾಗಿದೆ, ಆದರೆ ಗಿಡ್ಡ, ಸ್ಕೇಟಿಂಗ್ ಸಾಲದು ಎಂಬ ಮಾತು. 78 ಹೆಸರುಗಳು ಹೋದರೂ ಅವನ ಹೆಸರಿಲ್ಲ. 80ನೆಯ ಸರದಿ ಟ್ಯಾಂಪಾ ತಂಡದ್ದು. ಅವರು ಸುಮ್ಮನೆ ಕಾಯಲಿಲ್ಲ. ಮಿನೆಸೋಟ ತಂಡಕ್ಕೆ ಕೊನೆಯ ಸುತ್ತಿನ ಒಂದು ಸರದಿಯನ್ನು ಬಿಟ್ಟುಕೊಟ್ಟು, ಒಂದೇ ಒಂದು ಮೆಟ್ಟಿಲು ಮೇಲೇರಿ 79ರಲ್ಲಿ ಅವನನ್ನು ತೆಗೆದುಕೊಂಡರು. ಬಸ್ಸಿನ ಸೀಟಿಗೆ ಕಿಟಕಿಯಿಂದ ಟವೆಲ್ ಹಾಕುತ್ತೇವಲ್ಲ, ಹಾಗೆ.

ಆಮೇಲೆ ಮಾಡಿದ್ದು ಇನ್ನೂ ಮುಖ್ಯ. ಟ್ಯಾಂಪಾ ತಂಡಕ್ಕೆ ಸ್ಕೇಟಿಂಗ್ ಕಲಿಸುತ್ತಿದ್ದವರು ಬಾರ್ಬ್ ಅಂಡರ್‌ಹಿಲ್. ಹಾಕಿ ಆಡಿದವರಲ್ಲ. ಸಂಗೀತಕ್ಕೆ ತಕ್ಕಂತೆ ಮಂಜಿನ ಮೇಲೆ ಕುಣಿಯುವ ಫಿಗರ್ ಸ್ಕೇಟಿಂಗ್‌ನವರು. 1984ರಲ್ಲಿ ಪಾಲ್ ಮಾರ್ಟಿನಿ ಜೊತೆಗೂಡಿ ಜೋಡಿ ವಿಭಾಗದ ವಿಶ್ವ ಚಾಂಪಿಯನ್ ಆದವರು. ಭರತನಾಟ್ಯದ ಗುರುಗಳನ್ನು ಕರೆಸಿ ಕಬಡ್ಡಿಯವರ ಕಾಲು ತಿದ್ದಿಸಿದಂತೆ. ಪಾಯಿಂಟ್ ಅವರ ಕೈಕೆಳಗೆ ದುಡಿದ. ಎರಡು ವರ್ಷ ಮೂಸ್ ಜಾ ಎಂಬ ಸಣ್ಣ ಊರಿನ ಜೂನಿಯರ್ ತಂಡಕ್ಕೇ ವಾಪಸ್ ಹೋಗಿ ಆಡಿದ. 2016ರಲ್ಲಿ ದೊಡ್ಡ ತಂಡಕ್ಕೆ ಬಂದ. 2020, 2021, ಎರಡೂ ವರ್ಷ ಟ್ಯಾಂಪಾ ಲೀಗಿನ ಕಿರೀಟವಾದ ಸ್ಟ್ಯಾನ್ಲಿ ಕಪ್ ಗೆದ್ದಿತು. ಎರಡೂ ವರ್ಷ ಪ್ಲೇಆಫ್‌ನಲ್ಲಿ ಅತಿ ಹೆಚ್ಚು ಗೋಲು ಪಾಯಿಂಟ್‌ನದು, 14 ಮತ್ತು 14. ಎರಡನೆಯ ಸಲ ಸತತ ಒಂಬತ್ತು ಪಂದ್ಯಗಳಲ್ಲಿ ಗೋಲು ಹೊಡೆದ. ರೆಗ್ಗಿ ಲೀಚ್ 1976ರಲ್ಲಿ ಮಾಡಿದ ಹತ್ತು ಪಂದ್ಯಗಳ ದಾಖಲೆಗೆ ಒಂದು ಕಡಿಮೆ. ಈಗ ಪಾಯಿಂಟ್ ಹೆಸರು ಹೇಳಿದರೆ ಜನಕ್ಕೆ ಮೊದಲು ನೆನಪಾಗುವುದು ವೇಗ!

ಅಂದರೆ ಟ್ಯಾಂಪಾದವರು ಎರಡು ಪ್ರಶ್ನೆ ಬೇರೆ ಮಾಡಿ ಕೇಳಿಕೊಂಡಿದ್ದರು. ಈ ಹುಡುಗನಲ್ಲಿ ಏನು ಕಮ್ಮಿ ಎಂಬುದು ಒಂದು. ಆ ಕಮ್ಮಿ ಕಲಿಸಿದರೆ ಬರುವಂಥದ್ದೇ ಎಂಬುದು ಇನ್ನೊಂದು. ಗ್ಯಾಲರಿಯಲ್ಲಿ ಕೂತ ನಾವು ಮೊದಲನೆಯದರಲ್ಲೇ ನಿಂತುಬಿಡುತ್ತೇವೆ. ಕಾಲನ್ನು ತಿದ್ದಬಹುದು, ತೋಳಿಗೆ ಬಲ ತುಂಬಬಹುದು. ಹತ್ತು ಜನ ನುಗ್ಗಿ ಬರುವಾಗ ಪಕ್ ಮುಂದೆ ಎಲ್ಲಿರುತ್ತದೆ ಎಂದು ಕಾಣುವ ಕಣ್ಣನ್ನು ಹದಿನೆಂಟರ ಮೇಲೆ ತುಂಬುವುದು ಬಹಳ ಕಷ್ಟ.

ತೋಳಿನ ಬಲದ ಮಾತು ಬಂದಾಗ ಅದೇ 2014ರ ಇನ್ನೊಬ್ಬ ಹುಡುಗ ನೆನಪಾಗುತ್ತಾನೆ, ಸ್ಯಾಮ್ ಬೆನೆಟ್. ಡ್ರಾಫ್ಟ್‌ಗೆ ಮುಂಚೆ ನಡೆಯುವ ದೇಹಪರೀಕ್ಷೆಯಲ್ಲಿ ಸಲಾಕೆ ಹಿಡಿದು ಮೈ ಮೇಲೆತ್ತಬೇಕು. ಬೆನೆಟ್‌ಗೆ ಒಂದು ಸಲವೂ ಆಗಲಿಲ್ಲ. ಸೊನ್ನೆ. ಪತ್ರಿಕೆಗಳು ವಾರಗಟ್ಟಲೆ ಅದನ್ನೇ ಜಗಿದವು. ಕ್ಯಾಲ್ಗರಿ ತಂಡ ಕಿವಿಗೊಡದೆ ನಾಲ್ಕನೆಯವನಾಗಿ ತೆಗೆದುಕೊಂಡಿತು. ಅಲ್ಲಿ ಅವನು ದೊಡ್ಡ ಹೆಸರೇನೂ ಮಾಡಲಿಲ್ಲ, ನಕ್ಕವರು ಮತ್ತೆ ನಕ್ಕರು. ಆಮೇಲೆ ಫ್ಲಾರಿಡಾ ಪ್ಯಾಂಥರ್ಸ್ ಸೇರಿ, 2025ರ ಪ್ಲೇಆಫ್‌ನಲ್ಲಿ 15 ಗೋಲು ಹೊಡೆದು, ಕಾನ್ ಸ್ಮೈತ್ ಟ್ರೋಫಿಯನ್ನು, ಅಂದರೆ ಪ್ಲೇಆಫ್‌ನ ಶ್ರೇಷ್ಠ ಆಟಗಾರನ ಪ್ರಶಸ್ತಿಯನ್ನು, ಮನೆಗೊಯ್ದ. ಹನ್ನೊಂದು ವರ್ಷ ಬೇಕಾಯಿತು.

ಇನ್ನು ಅಳೆಯುವ ಕಣ್ಣನ್ನು ಮೋಸಗೊಳಿಸುವ ಮತ್ತೊಂದು ಸಂಗತಿ, ಹುಟ್ಟಿದ ತಿಂಗಳು. ಇದನ್ನು ಕನ್ನಡದವರಿಗೆ ವಿವರಿಸುವುದು ಸುಲಭ. ನನ್ನ ತಲೆಮಾರಿನ ಅರ್ಧ ಊರಿನ ಜನ್ಮದಿನ ಜೂನ್ ತಿಂಗಳಲ್ಲೇ ಇದೆ. ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರರು ಲೆಕ್ಕಕ್ಕೆ ಸರಿಹೊಂದುವ ತಾರೀಖು ಬರೆದುಬಿಡುತ್ತಿದ್ದರು. ನನ್ನದೂ ಹಾಗೇ. ಅವ್ವನ ಪ್ರಕಾರ ನಾನು ಹುಟ್ಟಿದ್ದು ದೀಪಾವಳಿ ಕಳೆದು. ತರಗತಿಯಲ್ಲಿ ನನಗಿಂತ ಗೇಣುದ್ದ ಎತ್ತರದವರೇ ಇದ್ದರು, ಕೊಕ್ಕೊ ಆಡಿಸುವಾಗ ನನ್ನನ್ನು ಸದಾ ಕೊನೆಗೆ ಕರೆಯುತ್ತಿದ್ದರು. ಕೆನಡಾದಲ್ಲಿ ಮಕ್ಕಳ ಹಾಕಿಗೆ ವಯಸ್ಸಿನ ಗಡಿ ಜನವರಿ 1. 1980ರ ದಶಕದಲ್ಲಿ ಲೆತ್‌ಬ್ರಿಜ್ ಊರಿನ ಒಂದು ಜೂನಿಯರ್ ಪಂದ್ಯಕ್ಕೆ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್‌ಲಿ ಹೆಂಡತಿಯ ಜೊತೆ ಹೋಗಿದ್ದರು. ಆಟಗಾರರ ವಿವರದ ಪುಸ್ತಿಕೆ ತಿರುವುತ್ತಿದ್ದ ಆಕೆಯ ಕಣ್ಣಿಗೆ ಬಿದ್ದದ್ದು ಹುಟ್ಟಿದ ತಾರೀಖುಗಳು. ಎಲ್ಲೆಲ್ಲೂ ಜನವರಿ, ಫೆಬ್ರುವರಿ, ಮಾರ್ಚ್. ಜನವರಿಯ ಮಗು ಡಿಸೆಂಬರಿನ ಮಗುವಿಗಿಂತ ಹನ್ನೊಂದು ತಿಂಗಳು ದೊಡ್ಡದು. ಒಂಬತ್ತರ ವಯಸ್ಸಿನಲ್ಲಿ ಅದು ಪ್ರತಿಭೆಯಂತೆ ಕಾಣುತ್ತದೆ. ಆಯ್ಕೆಯಾಗುತ್ತದೆ, ಒಳ್ಳೆಯ ಕೋಚ್ ಸಿಗುತ್ತಾನೆ, ಆಮೇಲೆ ನಿಜವಾಗಿಯೂ ಪ್ರತಿಭೆಯೇ ಆಗುತ್ತದೆ.

ಎನ್‌ಎಚ್‌ಎಲ್ ತಂಡಗಳು ಕೋಟಿಗಟ್ಟಲೆ ಸುರಿದು ಪ್ರತಿಭೆ ಹುಡುಕುವ ಸ್ಕೌಟ್‌ಗಳನ್ನು ಸಾಕುತ್ತವೆ, ಈ ಮೋಸಕ್ಕೆ ಬೀಳಲಾರವು ಅಂದುಕೊಂಡಿದ್ದೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ಬೇರೆ ಹೇಳಿತು. ವರ್ಷದ ದ್ವಿತೀಯಾರ್ಧದಲ್ಲಿ ಹುಟ್ಟಿದವರನ್ನು ಡ್ರಾಫ್ಟ್‌ನಲ್ಲಿ ಅವರ ಯೋಗ್ಯತೆಗಿಂತ ತಡವಾಗಿ ಕರೆಯಲಾಗಿತ್ತು. ಆಮೇಲೆ ಅವರ ಆಟ ಅವರು ಬಂದ ಸರದಿಯ ನಿರೀಕ್ಷೆಯನ್ನು ಮೀರಿತ್ತು.

ಹಾಗಾದರೆ ಕಣ್ಣಿಂದ ಏನೂ ತಿಳಿಯುವುದಿಲ್ಲವೇ? ತಿಳಿಯುತ್ತದೆ. ಡೆಟ್ರಾಯಿಟ್ ತಂಡದ ಸ್ಕೌಟ್ ಹೋಕನ್ ಆಂಡರ್ಸನ್ ಒಮ್ಮೆ ಮಾಸ್ಕೊಗೆ ಹೋಗಿದ್ದು ದ್ಮಿತ್ರಿ ಕಲಿನಿನ್ ಎಂಬುವನನ್ನು ನೋಡಲು. ನೋಟ ಕಿತ್ತುಕೊಂಡಿದ್ದು ಎದುರು ತಂಡದ ಒಬ್ಬ ಸಣಕಲ. ಆ ಹುಡುಗನಿಗೆ ಆಗಲೇ ವಯಸ್ಸು ಮೀರುತ್ತಿತ್ತು, ಬೇರೆ ಯಾರಿಗೂ ಬೇಕಾಗಿರಲಿಲ್ಲ. 1998ರಲ್ಲಿ 171ನೆಯವನಾಗಿ ಡೆಟ್ರಾಯಿಟ್ ಕರೆದ ಆ ಪಾವೆಲ್ ದತ್ಸ್ಯುಕ್ 2024ರಲ್ಲಿ ಹಾಕಿಯ ಹಾಲ್ ಆಫ್ ಫೇಮ್ ಸೇರಿದ. ಮರುವರ್ಷ, ಅಂದರೆ 1999ರಲ್ಲಿ, 210ನೆಯವನಾಗಿ ಬಂದವನು ಹೆನ್ರಿಕ್ ಜೆಟರ್‌ಬರಿ, 2008ರ ಕಾನ್ ಸ್ಮೈತ್ ವಿಜೇತ. ಇಬ್ಬರನ್ನೂ ತಂಡ ಅವಸರಪಡಿಸಲಿಲ್ಲ. ಒಬ್ಬ ರಷ್ಯಾದಲ್ಲಿ, ಒಬ್ಬ ಸ್ವೀಡನ್‌ನಲ್ಲಿ, ಮೂರು ಮೂರು ವರ್ಷ ಅವರವರ ದೇಶದಲ್ಲೇ ಆಡಿ ಮಾಗಿದರು. ಗೋಲಿಗಳ ಕಥೆಯಂತೂ ಇನ್ನೂ ನಿಧಾನ. 2000ದ ಡ್ರಾಫ್ಟ್‌ನ 205ನೆಯವನು ಹೆನ್ರಿಕ್ ಲುಂಡ್‌ಕ್ವಿಸ್ಟ್ ನ್ಯೂಯಾರ್ಕ್‌ನ ಗೋಲಿಗೆ ಬಂದು ನಿಂತಿದ್ದು 2005ರಲ್ಲಿ, ಗೆದ್ದಿದ್ದು 459 ಪಂದ್ಯ.

ಆಂಡರ್ಸನ್ ಹೆಚ್ಚು ನೋಡಿದ, ಬೇರೆ ಕಡೆ ನೋಡಿದ, ನಿಜವಾದ ಪಂದ್ಯದಲ್ಲಿ ನೋಡಿದ. ಅದು ಜುಲೈ ಶಿಬಿರದ ನೋಟವಲ್ಲ. ನಮ್ಮ ರಾಹುಲ್ ದ್ರಾವಿಡ್ ಭಾರತ 'ಎ' ತಂಡದ ಕೋಚ್ ಆಗಿದ್ದಾಗ, ಪ್ರವಾಸಕ್ಕೆ ಬಂದ ಯಾರೂ ಒಂದು ಪಂದ್ಯವೂ ಆಡದೆ ವಾಪಸ್ ಹೋಗುವಂತಿಲ್ಲ ಎಂಬ ಕಟ್ಟಳೆ ಇಟ್ಟುಕೊಂಡಿದ್ದರು. ಬೆಂಚಿನ ಮೇಲೆ ಕೂತವನ ಬಗ್ಗೆ ಏನು ಗೊತ್ತಾದೀತು?

ಜುಲೈ ಶಿಬಿರಗಳು ನಿಲ್ಲಬೇಕೆಂದು ನಾನು ಹೇಳುತ್ತಿಲ್ಲ. ಹುಡುಗರು ಅಡುಗೆ ಕಲಿಯಲಿ, ಅಂಡರ್‌ಹಿಲ್‌ರಂಥವರಿಂದ ಕಾಲು ತಿದ್ದಿಸಿಕೊಳ್ಳಲಿ. ಅಂಕಪಟ್ಟಿ ಮಾತ್ರ ಬೇಡ. ನಮ್ಮಲ್ಲೂ ಬೇಸಿಗೆ ಶಿಬಿರದಲ್ಲಿ ಒಂದೇ ಮಧ್ಯಾಹ್ನಕ್ಕೆ "ಇವನು ಆಗುತ್ತಾನೆ, ಇವನು ಆಗಲ್ಲ" ಎಂದು ತೀರ್ಪು ಕೊಡುವ ಆಯ್ಕೆದಾರರಿದ್ದಾರೆ. ಅವರಲ್ಲಿ ಒಂದೇ ಕೋರಿಕೆ: ಪಟ್ಟಿಯಲ್ಲಿ ಹೆಸರಿನ ಮುಂದೆ ಹುಟ್ಟಿದ ತಿಂಗಳಿಗೂ ಒಂದು ಕಾಲಮ್ ಹಾಕಿಕೊಳ್ಳಿ. ಹೆಡ್‌ಮಾಸ್ತರರು ಬರೆದ ತಿಂಗಳಲ್ಲ, ತಾಯಿಯನ್ನು ಕೇಳಿದ್ದು.

ಸೋದರಳಿಯನಿಗೂ ಒಂದು ಕೆಲಸ ಹೇಳಿದ್ದೇನೆ. ಈ ಸಲದ ಶಿಬಿರದಲ್ಲಿ ಅವನ ಕಣ್ಣಿಗೆ ಬೀಳದ ಐದು ಜನ ಹುಡುಗರ ಹೆಸರು ಬರೆದು ಕಳಿಸಬೇಕು. "ಕಣ್ಣಿಗೆ ಬೀಳದವರನ್ನ ಹೇಗೆ ಬರೆಯೋದು ಮಾಮ?" ಅಂದ. ತಂಡದ ಪಟ್ಟಿ ನೋಡಿ ಬರಿ, ಅಂದೆ. ಇನ್ನೂ ಕಳಿಸಿಲ್ಲ.