ವರದಿಯಲ್ಲಿ ಕಾಣದ ಅಪಾಯ

2018ರ ಜನವರಿಯಲ್ಲಿ ಪಂಜಾಬ್ ನ್ಯಾಷನಲ್ ಬ್ಯಾಂಕಿನ ಮುಂಬೈ ಬ್ರಾಡಿ ಹೌಸ್ ಶಾಖೆಗೆ ವಜ್ರೋದ್ಯಮಿ ನೀರವ್ ಮೋದಿಗೆ ಸಂಬಂಧಿಸಿದ ಸಂಸ್ಥೆಗಳ ಪ್ರತಿನಿಧಿಗಳು ಬಂದು, ವಿದೇಶಿ ಸಾಲಕ್ಕೆ ಬೇಕಾದ ಖಾತರಿ ಪತ್ರಗಳನ್ನು ಕೇಳಿದರು. ಪೂರ್ತಿ ಮೊತ್ತವನ್ನು ಠೇವಣಿಯಾಗಿ ಇಡಬೇಕೆಂದು ಅಧಿಕಾರಿಗಳು ಸೂಚಿಸಿದರು. ಹಿಂದೆ ಠೇವಣಿ ಇಲ್ಲದೆಯೇ ಈ ಸೌಲಭ್ಯ ಪಡೆದಿದ್ದೇವೆ ಎಂಬುದು ಬಂದವರ ಆಕ್ಷೇಪ. ದಾಖಲೆ ತೆಗೆದು ನೋಡಿದರೆ ಅಂತಹ ಯಾವ ಪತ್ರದ ಸುಳಿವೂ ಇರಲಿಲ್ಲ. ಫೆಬ್ರುವರಿ 14ರಂದು ಬ್ಯಾಂಕು ಷೇರುಪೇಟೆಗೆ ತಿಳಿಸಿದ ವಂಚನೆಯ ಮೊತ್ತ ಸುಮಾರು 11,400 ಕೋಟಿ ರೂಪಾಯಿ. ಬಳಿಕ ಅದು 13,000 ಕೋಟಿಯನ್ನೂ ದಾಟಿತು.

ಆ ಹಗರಣದ ರಾಜಕೀಯ ಚರ್ಚೆ ಸಾಕಷ್ಟು ನಡೆದಿದೆ. ಆಡಳಿತದಲ್ಲಿ ದಶಕಗಳನ್ನು ಕಳೆದ ನನ್ನನ್ನು ಕಾಡುವ ಪ್ರಶ್ನೆ ಬೇರೆ. ಸರ್ಕಾರಿ ಸ್ವಾಮ್ಯದ, ರಿಸರ್ವ್ ಬ್ಯಾಂಕಿನ ನಿಗಾದಲ್ಲಿದ್ದ, ಆಂತರಿಕ ಹಾಗೂ ಶಾಸನಬದ್ಧ ಲೆಕ್ಕಪರಿಶೋಧನೆಗೆ ಒಳಪಟ್ಟಿದ್ದ ಸಂಸ್ಥೆಯಲ್ಲಿ ಇಷ್ಟು ದೊಡ್ಡ ಹೊಣೆ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಉಳಿದದ್ದು ಹೇಗೆ?

ಉತ್ತರ ಸರಳವಾಗಿದೆ, ಸರಳವಾಗಿರುವುದರಿಂದಲೇ ಭಯ ಹುಟ್ಟಿಸುತ್ತದೆ. ವಿದೇಶಿ ಬ್ಯಾಂಕ್ ಶಾಖೆಗಳಿಗೆ ಖಾತರಿಯ ಸಂದೇಶ ಹೋಗುತ್ತಿದ್ದುದು 'ಸ್ವಿಫ್ಟ್' ಜಾಲದ ಮೂಲಕ. ಬ್ಯಾಂಕಿನ ಲೆಕ್ಕ ಇರುತ್ತಿದ್ದುದು ಕೋರ್ ಬ್ಯಾಂಕಿಂಗ್ ವ್ಯವಸ್ಥೆಯಲ್ಲಿ. ಈ ಎರಡರ ನಡುವೆ ತಂತಾನೇ ಬೆಸೆಯುವ ಕೊಂಡಿ ಇರಲಿಲ್ಲ. ಸಂದೇಶ ಕಳುಹಿಸಿದ ಕೈಯೇ ಅದನ್ನು ಲೆಕ್ಕಕ್ಕೂ ಬರೆಯಬೇಕಿತ್ತು. ಆ ಕೈ ಬರೆಯಲಿಲ್ಲ. ಮೇಲಿನ ಹಂತದ ವರದಿಗಳೆಲ್ಲ ಸಿದ್ಧವಾಗುತ್ತಿದ್ದುದು ಕೋರ್ ಬ್ಯಾಂಕಿಂಗ್ ಲೆಕ್ಕದಿಂದ. ಹೀಗಾಗಿ ಕಂಪ್ಯೂಟರ್ ಸುಳ್ಳು ಹೇಳಲಿಲ್ಲ. ತನಗೆ ಹೇಳದೇ ಇದ್ದುದನ್ನು ಅದೂ ಹೇಳಲಿಲ್ಲ, ಅಷ್ಟೇ. ಕೊನೆಗೆ ವಂಚನೆಯ ನೂಲು ಕೈಗೆ ಸಿಕ್ಕಿದ್ದು ಯಂತ್ರದಿಂದಲ್ಲ, ನಿಯಮದಂತೆ ಠೇವಣಿ ಕೇಳಿದ ಅಧಿಕಾರಿಗಳಿಂದ.

ನಿಯಂತ್ರಕರಿಗೆ ಈ ಅಪಾಯ ಗೊತ್ತಿರಲಿಲ್ಲವೆಂದೂ ಹೇಳುವಂತಿಲ್ಲ. 2016ರ ಆಗಸ್ಟ್‌ನಿಂದ ಕನಿಷ್ಠ ಮೂರು ಬಾರಿ ಸ್ವಿಫ್ಟ್ ದುರ್ಬಳಕೆಯ ಬಗ್ಗೆ ಬ್ಯಾಂಕುಗಳನ್ನು ಗೋಪ್ಯವಾಗಿ ಎಚ್ಚರಿಸಿದ್ದುದಾಗಿ ರಿಸರ್ವ್ ಬ್ಯಾಂಕೇ ಹೇಳಿಕೊಂಡಿತು. ಹಗರಣದ ಬಳಿಕ ಎರಡೂ ವ್ಯವಸ್ಥೆಗಳನ್ನು ಬೆಸೆಯಲು 2018ರ ಏಪ್ರಿಲ್ 30ರ ಗಡುವು ವಿಧಿಸಲಾಯಿತು. ಖಾತರಿ ಪತ್ರದ ಪದ್ಧತಿಯನ್ನೇ ಮಾರ್ಚ್‌ನಲ್ಲಿ ರದ್ದುಪಡಿಸಲಾಯಿತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಅದಾದ ಮೇಲೂ ಸ್ವಿಫ್ಟ್ ಕುರಿತ ನಿರ್ದೇಶನಗಳನ್ನು ಪಾಲಿಸದ 36 ಬ್ಯಾಂಕುಗಳಿಗೆ 2019ರ ಮಾರ್ಚ್‌ನಲ್ಲಿ ಒಟ್ಟು 71 ಕೋಟಿ ರೂಪಾಯಿ ದಂಡ ಬಿತ್ತು. ಸುತ್ತೋಲೆ ಹೊರಡಿಸುವುದಕ್ಕೂ ಅದು ಜಾರಿಯಾಗುವುದಕ್ಕೂ ಇರುವ ಅಂತರವನ್ನು ಇದಕ್ಕಿಂತ ಚೆನ್ನಾಗಿ ವಿವರಿಸುವ ಉದಾಹರಣೆ ಸಿಗಲಾರದು.

ಇದನ್ನು ದೂರದಲ್ಲಿ ನಿಂತು ಟೀಕಿಸುವ ನೈತಿಕ ಹಕ್ಕು ನನಗಿಲ್ಲ. ಸೇವೆಯಲ್ಲಿದ್ದಾಗ ನಾನು ಸಾರ್ವಜನಿಕ ಉದ್ದಿಮೆಯೊಂದರ ಆಡಳಿತ ಮಂಡಳಿಯಲ್ಲಿ ಸರ್ಕಾರದ ಪ್ರತಿನಿಧಿಯಾಗಿದ್ದೆ. ಪ್ರತಿ ಸಭೆಗೂ ಅಂದವಾಗಿ ಮುದ್ರಿಸಿದ ಮಾಸಿಕ ವರದಿ ಬರುತ್ತಿತ್ತು. ಒಂದು ಬಾರಿ ಒಂದು ವಿಭಾಗದ ದಾಸ್ತಾನಿನ ಅಂಕಿ ಸತತ ಮೂರು ತಿಂಗಳು ಒಂದೇ ಆಗಿದ್ದುದು ಕಣ್ಣಿಗೆ ಬಿತ್ತು. ವಿಚಾರಿಸಿದಾಗ, ಆ ವಿಭಾಗದಿಂದ ಮಾಹಿತಿ ಬಾರದ ಕಾರಣ ಹಿಂದಿನ ತಿಂಗಳ ಅಂಕಿಯನ್ನೇ ಮುಂದುವರಿಸಲಾಗಿದೆ ಎಂದು ಅಧಿಕಾರಿಯೊಬ್ಬರು ಯಾವ ಅಳುಕೂ ಇಲ್ಲದೆ ಉತ್ತರಿಸಿದರು. ಮುಂದಿನ ಸಲ ಸರಿಪಡಿಸಿ ಎಂದು ಹೇಳಿ ನಾನು ನಡಾವಳಿಗೆ ಸಹಿ ಹಾಕಿದೆ. ವರ್ಷದ ಕೊನೆಯಲ್ಲಿ ದಾಸ್ತಾನು ಎಣಿಸಿದಾಗ ಕೊರತೆ ಕಂಡಿತು. ಆ ಸಹಿ ನನ್ನದೇ. ಅರ್ಥಶಾಸ್ತ್ರ ಓದಿದವನಿಗೆ ಅಂಕಿಗಳನ್ನು ವಿಶ್ಲೇಷಿಸುವುದು ಗೊತ್ತಿತ್ತು. ಅವು ಎಲ್ಲಿಂದ ಬರುತ್ತವೆ ಎಂದು ಹಟ ಹಿಡಿದು ಕೇಳುವುದನ್ನು ಯಾರೂ ಕಲಿಸಿರಲಿಲ್ಲ.

ನಮ್ಮ ರಾಜ್ಯದ ವಿದ್ಯುತ್ ವಿತರಣಾ ಕಂಪನಿಗಳನ್ನು ನೋಡಿ. 1999ರಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ರಚನೆಯಾಯಿತು; 2002ರ ಜೂನ್‌ನಲ್ಲಿ ವಿತರಣೆಯ ಹೊಣೆ ಕೆಪಿಟಿಸಿಎಲ್‌ನಿಂದ ಬೇರೆಯಾಗಿ ಪ್ರಾದೇಶಿಕ ಕಂಪನಿಗಳ ಪಾಲಿಗೆ ಬಂತು. 2003ರ ವಿದ್ಯುಚ್ಛಕ್ತಿ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ, ಎರಡು ವರ್ಷಗಳ ಬಳಿಕ ಮೀಟರ್ ಇಲ್ಲದೆ ವಿದ್ಯುತ್ ಪೂರೈಸುವಂತಿಲ್ಲ. ಆದರೆ 10 ಅಶ್ವಶಕ್ತಿವರೆಗಿನ ಉಚಿತ ವಿದ್ಯುತ್ತಿನ ನೀರಾವರಿ ಪಂಪ್‌ಸೆಟ್‌ಗಳ ಬಳಕೆಯನ್ನು ಬಹುಮಟ್ಟಿಗೆ ಅಂದಾಜಿನಿಂದಲೇ ಲೆಕ್ಕ ಹಾಕುತ್ತ ಬರಲಾಗಿದೆ.

ಇದರ ಪರಿಣಾಮವನ್ನು ಒಂದು ಕಾಲ್ಪನಿಕ ಲೆಕ್ಕದಿಂದ ತಿಳಿಯಬಹುದು. ಕಂಪನಿಯೊಂದು 100 ಯೂನಿಟ್ ಪಡೆದು, ಮೀಟರ್ ಇರುವ ಗ್ರಾಹಕರಿಗೆ 60 ಯೂನಿಟ್ ಮಾರಿತೆನ್ನಿ. ಉಳಿದ 40 ಯೂನಿಟ್‌ಗಳಲ್ಲಿ ಪಂಪ್‌ಸೆಟ್‌ಗಳ ಪಾಲು 25 ಎಂದರೆ ನಷ್ಟ 15. ಪಂಪ್‌ಸೆಟ್‌ಗಳ ಪಾಲು 28 ಎಂದರೆ ನಷ್ಟ 12. ಅಂದಾಜು ಹೆಚ್ಚಿದಷ್ಟೂ ಕಂಪನಿಯ ದಕ್ಷತೆ ಹೆಚ್ಚಿದಂತೆ ಕಾಣುತ್ತದೆ, ಸರ್ಕಾರದಿಂದ ಕೇಳಬಹುದಾದ ಸಹಾಯಧನವೂ ಹೆಚ್ಚುತ್ತದೆ. ಕಳ್ಳತನ, ಸೋರಿಕೆ ಎಲ್ಲವೂ ರೈತನ ಹೆಸರಿನಲ್ಲಿ ಮರೆಯಾಗಬಹುದು. ಯಾರೂ ಸುಳ್ಳು ಬರೆಯಬೇಕಿಲ್ಲ. ಅಂದಾಜನ್ನು ಪ್ರಶ್ನಿಸದಿದ್ದರೆ ಸಾಕು. ಮೀಟರ್ ಅಳವಡಿಸುವಂತೆ, ಫೀಡರ್ ಮಟ್ಟದಲ್ಲಿ ಅಳೆಯುವಂತೆ ಆಯೋಗ ತನ್ನ ದರ ಆದೇಶಗಳಲ್ಲಿ ಪದೇ ಪದೇ ಸೂಚಿಸಿದ್ದು ಇದೇ ಕಾರಣಕ್ಕೆ.

ಹೀಗಿರುವಾಗ ಪ್ರತಿ ವೈಫಲ್ಯದ ಬಳಿಕವೂ ಹೊಸ ತಂತ್ರಾಂಶ ಕೊಳ್ಳುವುದೇ ಪರಿಹಾರವೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ತಂತ್ರಾಂಶ ಬೇಕು, ನಿಜ. ಆದರೆ ಮಾಹಿತಿ ವ್ಯವಸ್ಥೆ ಎಂದರೆ ಕಂಪ್ಯೂಟರ್ ಮಾತ್ರವಲ್ಲ. ಯಾರು ಬರೆಯುತ್ತಾರೆ, ಯಾರು ತಾಳೆ ನೋಡುತ್ತಾರೆ, ತಾಳೆಯಾಗದಿದ್ದರೆ ಯಾರಿಗೆ ಹೇಳುತ್ತಾರೆ ಎಂಬ ಹೊಣೆಗಾರಿಕೆಯ ಸರಪಳಿ ಅದು. ಕಾಯ್ದೆಯ ಪ್ರಕಾರ ನಿಯಂತ್ರಣಕ್ಕೆ ಒಳಪಟ್ಟ ಉದ್ದಿಮೆಗಳಲ್ಲಿ ಇನ್ನೊಂದು ತೊಡಕಿದೆ. ಅಲ್ಲಿ ವರದಿ ಬರೆಯುವುದು ನಿಯಂತ್ರಕನ ನಮೂನೆ ತುಂಬಲಿಕ್ಕಾಗಿ. ನಮೂನೆಯಲ್ಲಿ ಕೇಳದ ಅಪಾಯ ಯಾರ ಮೇಜಿನ ಮೇಲೂ ಬರುವುದಿಲ್ಲ.

ಮಾಡಬೇಕಾದುದು ಅಸಾಧ್ಯವೇನಲ್ಲ. ಮೊದಲನೆಯದಾಗಿ, ಅಳೆದ ಅಂಕಿ ಯಾವುದು, ಅಂದಾಜಿನ ಅಂಕಿ ಯಾವುದು ಎಂಬುದನ್ನು ಪ್ರತಿ ವರದಿಯೂ ಸ್ಪಷ್ಟವಾಗಿ ಬೇರ್ಪಡಿಸಿ ತೋರಿಸಬೇಕು. ಎರಡನೆಯದಾಗಿ, ವ್ಯವಹಾರ ನಡೆಸುವವರೇ ಅದನ್ನು ದಾಖಲಿಸಿ ತಾಳೆ ನೋಡುವ ಪದ್ಧತಿ ಕೊನೆಯಾಗಬೇಕು. ಮೂರನೆಯದಾಗಿ, ಆಂತರಿಕ ಲೆಕ್ಕಪರಿಶೋಧನೆಯ ಮುಖ್ಯಸ್ಥರು ವ್ಯವಸ್ಥಾಪಕ ನಿರ್ದೇಶಕರ ಕೃಪೆಯಲ್ಲಿರದೆ ಆಡಳಿತ ಮಂಡಳಿಯ ಸಮಿತಿಗೆ ನೇರವಾಗಿ ಉತ್ತರಿಸಬೇಕು. ಜೊತೆಗೆ, ಮಂಡಳಿಗಳಿಗೆ ನೇಮಕವಾಗುವ ನಮ್ಮಂತಹ ಅಧಿಕಾರಿಗಳಿಗೆ ಈ ವಿಷಯದಲ್ಲಿ ಗಂಭೀರ ಅಧ್ಯಯನ ಕಡ್ಡಾಯವಾಗಬೇಕು. ನಮ್ಮ ಆಡಳಿತ ತರಬೇತಿಯಲ್ಲಿ ಕಾಯ್ದೆಗೆ ಇರುವಷ್ಟು ಜಾಗ ಅಂಕಿಯ ಮೂಲ ಹುಡುಕುವುದಕ್ಕೂ ಸಿಗಲಿ.

ಸಾರ್ವಜನಿಕ ಉದ್ದಿಮೆಯ ನಷ್ಟಕ್ಕೆ ಕೊನೆಗೆ ಹಣ ತೆರುವವರು ತೆರಿಗೆದಾರರು ಮತ್ತು ತಿಂಗಳು ತಿಂಗಳು ಬಿಲ್ಲು ಕಟ್ಟುವ ಪ್ರಾಮಾಣಿಕ ಗ್ರಾಹಕರು. ಅವರಿಗೆ ಆಡಳಿತ ಮಂಡಳಿಯ ಸಭೆಯಲ್ಲಿ ಕುರ್ಚಿಯಿಲ್ಲ. ಅವರ ಪರವಾಗಿ ಕುಳಿತವನು ಅಂದು ಇನ್ನೊಂದು ಪ್ರಶ್ನೆ ಕೇಳಬೇಕಿತ್ತು. ಇಂದು ಆ ಕುರ್ಚಿಯಲ್ಲಿ ಕುಳಿತವರಾದರೂ, ಸಹಿ ಹಾಕುವ ಮುನ್ನ ಅದನ್ನು ಕೇಳಲಿ.